ನಾನು ತಲೆಯಾಡಿಸಿದ್ದು

ಮಕ್ಕಳೇ, ನಿಮ್ಮ ತಾತ ಹಾರ್ಟ್ ಅಟ್ಯಾಕಿನಿಂದ ಹೋದರು ಎಂದು ಊರಿಗೆಲ್ಲ ಹೇಳಿದವರು ಟಿವಿಯವರು. ಟಿವಿಯವರಿಗೆ ಹೇಳಿದವಳು ನಾನು. ಬಾಯಿ ಬಿಟ್ಟು ಹೇಳಲಿಲ್ಲ, ತಲೆಯಾಡಿಸಿದೆ. ಒಂದು ಸಲ ತಲೆಯಾಡಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಇವತ್ತಿಗೂ ನನ್ನಿಂದ ಆಗಿಲ್ಲ. ಇದನ್ನು ಶುಂಠಿ ಹೊಲದ ಬದುವಿನ ಮೇಲೆ ಕೂತು ಬರೆಯುತ್ತಿದ್ದೇನೆ. ನನ್ನ ಮಗ, ನಿಮ್ಮಪ್ಪ, ಅಲ್ಲಿ ಪಂಪು ಬೆನ್ನಿಗೆ ಹಾಕಿಕೊಂಡು ಸಾಲು ಸಾಲಾಗಿ ಔಷಧಿ ಹೊಡೆಯುತ್ತಾ ಹೋಗುತ್ತಿದ್ದಾನೆ. ಕೈಗೆ ಏನೂ ಹಾಕಿಲ್ಲ, ಮುಖಕ್ಕೆ ಒಂದು ಟವೆಲು ಸುತ್ತಿದ್ದಾನೆ ಅಷ್ಟೇ. ಅವನು ನನ್ನ ಕಡೆ ನೋಡುವುದಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು, ಮೊಸಳೆ ಎಂಬ ಊರಿನ ಹತ್ತಿರದ ನನ್ನ ತವರೂರಿನ ಶಾಲೆಯಲ್ಲಿ. ಮೇಷ್ಟ್ರು ಎದ್ದು ನಿಂತು ಓದು ಎಂದರೆ ಗಂಟಲು ಕಟ್ಟುತ್ತಿತ್ತು, ಬರಿ ಎಂದರೆ ಎಷ್ಟು ಬೇಕಾದರೂ ಬರೆಯುತ್ತಿದ್ದೆ. ಮದುವೆಯಾಗಿ ಹೊಳೆನರಸೀಪುರದ ಈ ಕಡೆಗೆ ಬಂದ ಮೇಲೆ ಬರೆಯುವ ಕೆಲಸವೂ ನಿಂತಿತು. ಈ ಮನೆಯಲ್ಲಿ ಸೊಸೆಯಾದವಳು ಭಾವನ ಎದುರಿಗೆ ಮಾತಾಡುವ ಹಾಗಿರಲಿಲ್ಲ. ನನ್ನ ಭಾವ, ಅಂದರೆ ನಿಮ್ಮ ದೊಡ್ಡತಾತ, ಜಗಲಿಯಲ್ಲಿ ಕೂತು ಏನಾದರೂ ಕೇಳಿದರೆ ನಾನು ಬಾಗಿಲ ಸಂದಿಯಲ್ಲಿ ನಿಂತು ತಲೆಯಾಡಿಸಬೇಕು. ನನ್ನತ್ತೆ ಒಳಗಿನಿಂದ ಅದನ್ನು ನೋಡಿ, ಆಯ್ತಂತೆ ಎಂದೋ ಬೇಡವಂತೆ ಎಂದೋ ಜಗಲಿಗೆ ಕೂಗಿ ಹೇಳುತ್ತಿದ್ದರು. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ನನ್ನ ತಲೆ ಮಾತ್ರ ಆ ಅಭ್ಯಾಸ ಬಿಡಲಿಲ್ಲ.

ನಿಮ್ಮ ತಾತ ತೀರಿಕೊಂಡ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಟಿವಿ ಹಾಕಿದರೆ ಸಾಕು, ನಮ್ಮ ಜಿಲ್ಲೆಯದೇ ಸುದ್ದಿ. ಚನ್ನರಾಯಪಟ್ಟಣದ ಕಡೆ ಯಾರೋ ಹರೆಯದವರು ಕೂತಲ್ಲೇ ಹೋದರಂತೆ. ಮಾರನೆಯ ದಿನ ಅರಕಲಗೂಡಿನ ಕಡೆ ಇನ್ನೊಬ್ಬರಂತೆ. ಪರದೆಯ ತುಂಬ ಕೆಂಪು ಅಕ್ಷರ, ಹಿಂದಿನಿಂದ ಎದೆ ಬಡಿತದ ಸದ್ದು, ಮೂಲೆಯಲ್ಲಿ ಒಂದು ಸಂಖ್ಯೆ. ಕ್ರಿಕೆಟ್ ಆಟದ ರನ್ನಿನ ಹಾಗೆ ಅದು ಏರುತ್ತಿತ್ತು. ಸತ್ತವರು ಸತ್ತದ್ದು ಸುಳ್ಳಲ್ಲ, ಅವರ ಮನೆಯ ಅಳು ಸುಳ್ಳಲ್ಲ. ಆದರೆ ಯಾರು ಯಾತರಿಂದ ಸತ್ತರು ಎಂದು ಕೇಳಲು ಯಾರಿಗೂ ಪುರಸತ್ತಿರಲಿಲ್ಲ. ಸತ್ತರೆ ಹಾರ್ಟು. ಅಷ್ಟೇ.

ಊರೇ ಬದಲಾಯಿತು. ಮೊಟ್ಟೆ ಬಿಟ್ಟರು, ಮಾಂಸ ಬಿಟ್ಟರು. ಪಂಚೆ ಉಟ್ಟವರೂ ಕಾಲಿಗೆ ಬೂಟು ಹಾಕಿಕೊಂಡು ಬೆಳಿಗ್ಗೆ ರೋಡಿನಲ್ಲಿ ನಡೆಯಲು ಹೊರಟರು. ಹಗಲೆಲ್ಲ ಗದ್ದೆಯಲ್ಲಿ ನಡೆದದ್ದು ನಡಿಗೆಯಲ್ಲವೇನೋ ಎಂದು ನಿಮ್ಮ ತಾತ ನಗುತ್ತಿದ್ದರು. ಏಳು ಗಂಟೆಗೆ ಹಾಸನಕ್ಕೆ ಹೋಗುವ ಬಸ್ಸಿಗೆ ಇಸಿಜಿ ಬಸ್ಸು ಎಂದೇ ಹೆಸರು ಬಿತ್ತು. ಕಂಡಕ್ಟರು, "ಹಾರ್ಟ್ ಇರೋರೆಲ್ಲ ಒಳಿಕ್ಕೆ ಓಗಿ, ಇಲ್ದೋರು ಬಾಗ್ಲಲ್ಲಿ ನಿಂತ್ಕಳಿ," ಎಂದು ಕೂಗುತ್ತಿದ್ದನಂತೆ. ಎಲ್ಲರೂ ನಗುತ್ತಿದ್ದರು, ನಗುತ್ತಲೇ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಿಮ್ಮಪ್ಪನಿಗೆ ಎಡಗಡೆ ಭುಜ ನೋಯುತ್ತಿತ್ತು. ಪಂಪು ಹೊತ್ತು ಹೊತ್ತು ಬಂದ ನೋವು ಅದು. ಆದರೆ ಟಿವಿಯಲ್ಲಿ ಎಡಗೈ, ಎಡಭುಜ ಎಂದು ಒಬ್ಬ ಡಾಕ್ಟರು ಚಿತ್ರ ತೋರಿಸಿ ಹೇಳಿದ್ದರು. ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ನೀವಿಬ್ಬರೂ ಆಡುವುದನ್ನು ನೋಡುತ್ತಾ ಸುಮ್ಮನೆ ಕೂತಿರುತ್ತಿದ್ದ. ಮೂರನೆಯ ದಿನ ಬೆಳಿಗ್ಗೆಯೇ ಹೊಲಕ್ಕೆ ಹೋಗಿ ಡ್ರಮ್ಮಿನಲ್ಲಿ ಔಷಧಿ ಕಲಸಿದ. ಎಲೆರೋಗಕ್ಕೊಂದು, ಕಾಂಡ ಕೊರೆಯುವ ಹುಳುವಿಗೊಂದು, ಎರಡನ್ನೂ ಒಟ್ಟಿಗೆ ಹಾಕಿದ್ದ. ಅಂಗಡಿಯವನು ಹೇಳಿದ್ದಕ್ಕಿಂತ ಒಂದು ಮುಚ್ಚಳ ಜಾಸ್ತಿ ಹಾಕುವುದು ನಮ್ಮ ಕಡೆ ಎಲ್ಲರ ರೂಢಿ. ಕಲಸಿದವನು ಇದ್ದಕ್ಕಿದ್ದಂತೆ ಮನೆಗೆ ಬಂದು, "ಅಪ್ಪಾ, ಎದೇಲಿ ಏನೋ ಆಯ್ತಾ ಅದೆ. ಹಾಸ್ನಕ್ಕೋಗಿ ಒಂದ್ಸಲ ತೋರಿಸ್ಕೊಂಡು ಬತ್ತೀನಿ," ಎಂದ.

"ಓಗಿ ಬಾ ಮಗ, ಮನಸ್ಸಿಗೆ ನೆಮ್ದಿಯಾಯ್ತದೆ," ಎಂದರು ನಿಮ್ಮ ತಾತ.

"ಔಷ್ದಿ ಕಲ್ಸ್ಬುಟ್ಟಿದೀನಿ. ನಾಳಿಕ್ಕೆ ಇಟ್ರೆ ಕೆಟ್ಟೋಯ್ತದೆ."

"ನಾನಿಲ್ವೇನ್ಲಾ? ನಿನ್ಗಿಂತ ಮೊದ್ಲೇ ಪಂಪು ಹೊತ್ತೋನು ನಾನು. ನೀ ಬಸ್ಸಿಡಿ."

ಅವರಿಬ್ಬರು ಆಡಿದ ಕೊನೆಯ ಮಾತು ಇದು. ಇದನ್ನು ನೀವು ನೆನಪಿಟ್ಟುಕೊಳ್ಳಿ. ನಿಮ್ಮಪ್ಪ ಏಕೆ ಈಗ ಹೀಗಿದ್ದಾನೆ ಎಂದು ಮುಂದೆ ನಿಮಗೆ ತಿಳಿಯಬೇಕಾದರೆ ಇದು ಬೇಕು. ಅವನನ್ನು ದೂರಲು ನಾನು ಬರೆಯುತ್ತಿಲ್ಲ.

ಊಟದ ಹೊತ್ತಿಗೆ ನಿಮ್ಮ ತಾತ ಹೊಲದಿಂದ ಬಂದರು. ಪಂಪಿನ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ, ಬೆನ್ನೆಲ್ಲ ಸೋರಿ ಅಂಗಿ ಮೈಗೆ ಅಂಟಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಮೋಡ ಮುಚ್ಚಿದ ತಣ್ಣನೆಯ ದಿನ, ಅವರ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಕೈಯಲ್ಲಿ ಒರೆಸಿಕೊಂಡರೆ ಮತ್ತೆ ಇಳಿಯುತ್ತಿತ್ತು.

"ಏನಾಯ್ತು?" ಎಂದೆ.

"ಕಣ್ಣು ಮಂಜಾಯ್ತಾವೆ ಕಣೆ. ಎದೆ ಬಿಗಿ ಹಿಡ್ದಂಗಾಯ್ತದೆ."

ಅವರು ಎರಡು ಮಾತು ಹೇಳಿದ್ದರು. ಕಣ್ಣಿನದು ಯಾರ ಕಿವಿಗೂ ಬೀಳಲಿಲ್ಲ. ಎದೆ ಎಂಬುದು ಮಾತ್ರ ಅಂಗಳ ದಾಟಿ ಬೀದಿಗೆ ಹೋಯಿತು. ಪಕ್ಕದ ಮನೆಯವಳು ಓಡಿ ಬಂದು, ಫೋನಿನಲ್ಲಿ ಬಂದಿದ್ದ ಯಾವುದೋ ವಿಡಿಯೋದಲ್ಲಿ ಹೇಳಿದ ಹಾಗೆ ಅವರನ್ನು ಜೋರಾಗಿ ಕೆಮ್ಮಿಸಿದಳು. ದೊಡ್ಡತಾತ ಕಾರಿಗೆ ಹೇಳಿ ಕಳಿಸಿದರು. ಹೊಳೆನರಸೀಪುರದಲ್ಲಿ ನಿಲ್ಲಿಸುವುದು ಬೇಡ, ಹಾರ್ಟ್ ಅಂದರೆ ನೇರ ಹಾಸನಕ್ಕೇ ಹೋಗಬೇಕು ಎಂದು ನಿಂತವರೆಲ್ಲ ತೀರ್ಮಾನ ಮಾಡಿದರು.

ಕಾರು ಬರುವಷ್ಟರಲ್ಲಿ ನಾನು ಒಂದು ಕೆಲಸ ಮಾಡಿದೆ. ಪೇಟೆಗೆ, ಅದೂ ಹಾಸನದ ಆಸ್ಪತ್ರೆಗೆ, ಮನೆ ಯಜಮಾನನನ್ನು ಕೊಳೆ ಅಂಗಿಯಲ್ಲಿ ಕರೆದುಕೊಂಡು ಹೋಗುವುದು ಹೇಗೆ? ನಮ್ಮಲ್ಲಿ ಯಾರೂ ಹಾಗೆ ಕರೆದುಕೊಂಡು ಹೋಗುವುದಿಲ್ಲ. ಹೆರಿಗೆಗೆ ಹೋಗುವವಳೂ ತಲೆ ಬಾಚಿಕೊಂಡು ಹೋಗುತ್ತಾಳೆ. ಹಂಡೆಯಲ್ಲಿದ್ದ ಬಿಸಿನೀರು ತಂದು ಅಲ್ಲೇ ಕಲ್ಲಿನ ಮೇಲೆ ಅವರ ಬೆನ್ನು, ತೋಳು ಸೋಪು ಹಾಕಿ ಉಜ್ಜಿದೆ. ಮದುವೆ ಮನೆಗೆ ಹಾಕುವ ಬಿಳಿ ಅಂಗಿ ತೊಡಿಸಿ, ಮಡಿ ಪಂಚೆ ಉಡಿಸಿದೆ. ಹೊಲದ ಅಂಗಿಯನ್ನು ಬಚ್ಚಲ ಹಿಂದೆ ಬಕೆಟ್ಟಿನಲ್ಲಿ ನೆನೆಹಾಕಿದೆ. ಕಾರು ಹತ್ತುವಾಗ ಅವರ ಮೈಯಿಂದ ಘಮ್ಮೆಂದು ಸೋಪಿನ ವಾಸನೆ ಬರುತ್ತಿತ್ತು.

ದಾರಿಯುದ್ದಕ್ಕೂ ಸೆರಗಿನಲ್ಲಿ ಅವರ ಬಾಯಿ ಒರೆಸಿದೆ. ಉಸಿರಿನಲ್ಲಿ ಬೆಳ್ಳುಳ್ಳಿ ಕೊಳೆತ ಹಾಗಿನ ಒಂದು ವಾಸನೆ ಇತ್ತು. ಇದೇನು ಎಂದುಕೊಂಡೆ. ಮುಂದಿನ ಸೀಟಿನಲ್ಲಿ ಭಾವ ಕೂತಿದ್ದರು. ಸುಮ್ಮನಾದೆ.

ಆಸ್ಪತ್ರೆಯ ಒಳಗೆ ಕಾಲಿಡಲು ಜಾಗವಿರಲಿಲ್ಲ. ಗಟ್ಟಿಮುಟ್ಟಾದ ಹುಡುಗರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ಎಲ್ಲರೂ ಎದೆ ತೋರಿಸಲು ಬಂದವರು. ಆ ಸಾಲಿನಲ್ಲಿ ಕೈಯಲ್ಲಿ ಚೀಟಿ ಹಿಡಿದು ನಿಮ್ಮಪ್ಪನೂ ನಿಂತಿದ್ದ. ಬೆಳಿಗ್ಗೆಯಿಂದ ಅವನ ಸರದಿ ಬಂದಿರಲಿಲ್ಲ. ಸ್ಟ್ರೆಚರಿನ ಮೇಲೆ ಬಿಳಿ ಅಂಗಿಯ ಅಪ್ಪನನ್ನು ಕಂಡು ಮೊದಲು ಅವನಿಗೆ ಗುರುತೇ ಸಿಗಲಿಲ್ಲ.

ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಬಂದರು. ಏನಾಯಿತು ಎಂದು ಕೇಳಿದರು. ನಮ್ಮ ಜೊತೆ ಬಂದವರು ನಾಲ್ಕು ಜನರೂ ಒಂದೇ ಬಾಯಲ್ಲಿ ಹಾರ್ಟು ಎಂದರು. ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಇನ್ನೊಂದು ಸಲ ನೋಡಿದರು. ಆಮೇಲೆ ದನಿ ತಗ್ಗಿಸಿ, "ಏನಾದ್ರೂ ಕುಡಿದಿದ್ರಾ? ಬೆಳೆಗೆ ಹಾಕೋ ಔಷಧಿ, ಅಂಥದ್ದೇನಾದ್ರೂ?" ಎಂದರು.

ದೊಡ್ಡತಾತನಿಗೆ ಸಿಟ್ಟು ನೆತ್ತಿಗೇರಿತು. "ಏನ್ ಸಾ ನೀವು, ಮರ್ವಾದೆ ಇಟ್ಕೊಂಡು ಮಾತಾಡಿ. ಇಸ ಕುಡಿಯೋಂಥದ್ದು ಏನಾಗದೆ ನಮ್ಮನೇಲಿ? ಎದೆ ಇಡ್ಕಂಡು ಕೂತ್ಕಂಡ ಅಂತ ಏಳ್ತಾ ಇಲ್ವಾ? ಟಿವಿ ನೋಡಲ್ವಾ ನೀವು?"

ಡಾಕ್ಟರು ನನ್ನ ಕಡೆ ತಿರುಗಿದರು. "ಅಮ್ಮಾ, ನೀವು ಹೇಳಿ. ಏನಾದ್ರೂ ಕುಡಿದ್ರಾ?"

ಭಾವ ನನ್ನನ್ನೇ ನೋಡುತ್ತಿದ್ದರು. ವಿಷ ಎಂಬ ಮಾತು ಬಂದರೆ ಪೊಲೀಸರು, ಊರಿನ ಬಾಯಿ, ಎಲ್ಲವೂ ಹಿಂದೆಯೇ ಬರುತ್ತವೆ ಎಂದು ಗೊತ್ತಿತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಕುಡಿದಿರಲಿಲ್ಲ, ಅದು ನಿಜ. ಬೆಳಿಗ್ಗೆಯಿಂದ ಹೊಡೆಯುತ್ತಿದ್ದರು, ಬೆನ್ನೆಲ್ಲ ನೆನೆದಿತ್ತು ಎನ್ನುವುದನ್ನು ಡಾಕ್ಟರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಬೇಕಾದ್ದು ಅದೇ ಎಂದು ಆಗ ನನಗೆ ತಿಳಿದೂ ಇರಲಿಲ್ಲ. ಒಳಗೇನೋ ಚುಚ್ಚುತ್ತಿತ್ತು, ಅಷ್ಟೇ. ಸಂಜೆಯಾಗುವ ಮೊದಲೇ ನಿಮ್ಮ ತಾತ ಹೋದರು. ನಿಮ್ಮಪ್ಪನ ಚೀಟಿ ಅವನ ಕೈಯಲ್ಲೇ ಬೆವರಿಗೆ ಮುದ್ದೆಯಾಗಿತ್ತು.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ದೇಹ ಇಟ್ಟಿದ್ದೆವು. ಟಿವಿಯವರು ಬಂದರು. ಮೈಕು ಹಿಡಿದ ಹುಡುಗ ಕೆಟ್ಟವನಲ್ಲ. ಚಪ್ಪಲಿ ದೂರ ಬಿಟ್ಟು ಬಂದ, ದೇಹಕ್ಕೆ ಕೈ ಮುಗಿದ. ಆಮೇಲೆ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಅಮ್ಮಾ, ಆರೋಗ್ಯವಾಗೇ ಇದ್ರಲ್ವಾ? ಇದ್ದಕ್ಕಿದ್ದ ಹಾಗೆ ಎದೆ ನೋವು ಅಂದ್ರಲ್ವಾ? ಹಾರ್ಟ್ ಅಟ್ಯಾಕ್ ಅಲ್ವಾ ಅಮ್ಮಾ?" ಎಂದು ಮೂರನ್ನೂ ಒಂದೇ ಉಸಿರಿಗೆ ಕೇಳಿದ. ಮುಖದ ಮೇಲೆ ದೀಪ. ಸುತ್ತ ಗಂಡಸರು. ನನ್ನ ಸೆರಗು ಜಾರಿತ್ತು, ಅದನ್ನು ಸರಿಮಾಡಿಕೊಳ್ಳಲು ಬಿಟ್ಟು ಆ ಹುಡುಗ ಎದ್ದು ಹೋದರೆ ಸಾಕಾಗಿತ್ತು. ನಾನು ಹೌದೆಂದು ತಲೆಯಾಡಿಸಿದೆ.

ಸಂಜೆ ಅದನ್ನು ಹಾಕಿದರು. ನಾನು ನೋಡಲಿಲ್ಲ, ನೋಡಿದವರೆಲ್ಲ ಬಂದು ಹೇಳಿದರು. ನನ್ನ ತಲೆ ನಿಧಾನಕ್ಕೆ ಮೇಲೆ ಕೆಳಗೆ ಆಡುವುದನ್ನು ಮತ್ತೆ ಮತ್ತೆ ತೋರಿಸಿದರಂತೆ, ಹಿಂದಿನಿಂದ ಎದೆ ಬಡಿತದ ಸದ್ದು ಹಾಕಿದ್ದರಂತೆ. ಮೂಲೆಯ ಸಂಖ್ಯೆ ಒಂದು ಹೆಚ್ಚಾಯಿತಂತೆ. ಆ ಸಂಖ್ಯೆಯನ್ನು ನಾನಿಲ್ಲಿ ಬರೆಯುವುದಿಲ್ಲ. ಹಿರೀಸಾವೆಯಿಂದ ನನ್ನ ತಂಗಿ ತಿಥಿಗೆ ಬಂದವಳು, "ರೋಡ್ ಬದಿ ಹೋಟ್ಲಲ್ಲಿ ಕಾಫಿ ಕುಡೀತಿದ್ದೆ ಕಣಕ್ಕ, ಟಿವೀಲಿ ನಿನ್ ಮಖ ಬಂತು. ಭಾವ ಓಗವ್ರೆ ಅಂತ ನಂಗೆ ಗೊತ್ತಾಗಿದ್ದೇ ಅಲ್ಲಿ," ಎಂದು ನನ್ನನ್ನು ತಬ್ಬಿಕೊಂಡು ಅತ್ತಳು.

ತಿಥಿ ಕಳೆದ ಮೇಲೆ ಬಚ್ಚಲ ಹಿಂದೆ ಬಕೆಟ್ಟು ಕಂಡಿತು. ಅಂಗಿ ಅಷ್ಟು ದಿನ ಅಲ್ಲೇ ನೆನೆದಿತ್ತು. ಎತ್ತಿದರೆ ಅದೇ ಬೆಳ್ಳುಳ್ಳಿ ಕೊಳೆತ ವಾಸನೆ. ಕಾರಿನಲ್ಲಿ ಅವರ ಉಸಿರಿನಲ್ಲಿದ್ದ ವಾಸನೆ. ನೀರನ್ನು ತಿಪ್ಪೆಯ ಪಕ್ಕ ಚೆಲ್ಲಿದೆ. ಸಂಜೆಗೆ ಅಲ್ಲಿ ಕೆದಕುತ್ತಿದ್ದ ಎರಡು ಕೋಳಿ ಕಾಲು ಚಾಚಿ ಬಿದ್ದಿದ್ದವು. ನಿಮ್ಮಮ್ಮ ನೋಡಿ, "ಹಕ್ಕಿಜ್ವರ ಇರ್ಬೇಕು ಕಣತ್ತೆ, ಟಿವೀಲಿ ಬತ್ತಾ ಇತ್ತು," ಎಂದಳು.

ಆಮೇಲೆ ನನಗೆ ನಿದ್ದೆ ಬಾರದಾಯಿತು, ಸಕ್ಕರೆ ಕಾಯಿಲೆ ಏರಿತು. ಹೊಳೆನರಸೀಪುರದಲ್ಲಿ ನನಗೆ ಮಾತ್ರೆ ಬರೆದುಕೊಡುವ ಡಾಕ್ಟರಮ್ಮನ ಹತ್ತಿರ ಹೋದಾಗ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆಂಗಸು ಎಂಬ ಧೈರ್ಯದ ಮೇಲೆ ಎಲ್ಲವನ್ನೂ ಹೇಳಿದೆ. ಬೆವರು, ಜೊಲ್ಲು, ಮಂಜಾದ ಕಣ್ಣು, ವಾಸನೆ, ಕೋಳಿ. ಅವರು ಬರೆಯುವುದನ್ನು ನಿಲ್ಲಿಸಿದರು.

"ನಾನು ತೊಳ್ದುಬಿಟ್ಟೆ ಕಣಮ್ಮ. ಬಿಳಿ ಅಂಗಿ ಹಾಕ್ಬುಟ್ಟೆ. ವಾಸ್ನೆ ಇದ್ದಿದ್ರೆ ಡಾಕ್ಟ್ರಿಗೆ ಗೊತ್ತಾಗೋದು," ಎಂದು ಅಳತೊಡಗಿದೆ.

"ತೊಳೆದದ್ದು ತಪ್ಪಲ್ಲಮ್ಮ. ತೊಳೀಲೇಬೇಕು. ಅಂಗಿ ತೆಗೆದದ್ದೂ ಒಳ್ಳೇದೇ ಆಯ್ತು," ಎಂದರು. ಪೆನ್ನು ಕೆಳಗಿಟ್ಟು, "ಹೊಲದಲ್ಲಿ ಏನು ಹೊಡೀತಿದ್ರು ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಅದು ಕುಡಿದ್ರೇ ಆಗಬೇಕು ಅಂತಿಲ್ಲ, ಚರ್ಮದಿಂದಲೂ ಒಳಗೆ ಹೋಗುತ್ತೆ. ಅದಕ್ಕೆ ಬೇರೆ ಇಂಜೆಕ್ಷನ್ ಇದೆ. ಹಾರ್ಟಿಗೆ ಕೊಡೋದೇ ಬೇರೆ," ಎಂದರು.

"ಅಂಗಾರೆ ಅದರಿಂದ್ಲೇ ಓಗಿದ್ದಾ?"

"ಇರಬಹುದು. ಈಗ ಯಾರೂ ಖಂಡಿತ ಅಂತ ಹೇಳೋಕಾಗಲ್ಲ."

ಮಣ್ಣು ಮಾಡಿ ಆಗಿತ್ತು. ಯಾರೂ ಎಂದೆಂದಿಗೂ ಖಂಡಿತ ಎಂದು ಹೇಳಲಾರರು. ತೊಳೆದದ್ದೇ ನನ್ನ ಪಾಪ ಎಂದುಕೊಂಡಿದ್ದೆ, ಅದಕ್ಕಾದರೆ ನಾನು ಅಜ್ಞಾನಿ ಎಂಬ ನೆಪವಿತ್ತು. ಬಾಯಿ ಬಿಡದಿದ್ದುದಕ್ಕೆ ಏನು ನೆಪ ಹೇಳಲಿ? ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಹೋಗಲು ಬಿಟ್ಟು ಕೂತಿದ್ದೆ. ಮೂರನೆಯದು ಬರುವ ಹೊತ್ತಿಗೆ ಒಂದೇ ವಿಷಯ ತಲೆಯಲ್ಲಿ ಉಳಿದಿತ್ತು. ನಿಮ್ಮ ತಾತ ಹೋದರು, ಅದೇ ಪಂಪು ಈಗ ನಿಮ್ಮಪ್ಪನ ಬೆನ್ನಿನ ಮೇಲಿದೆ.

ನಿಮ್ಮಪ್ಪ ಆಗ ಏನು ಮಾಡುತ್ತಿದ್ದ ಗೊತ್ತೇ? ಬೆಳಿಗ್ಗೆ ಎದ್ದು ಅರ್ಧ ಗಂಟೆ ನಡೆಯುತ್ತಿದ್ದ. ಎಣ್ಣೆ ಬಿಟ್ಟಿದ್ದ, ಉಪ್ಪು ಕಡಿಮೆ ಮಾಡಿದ್ದ. ಎದೆ ಬಡಿತ ತೋರಿಸುವ ಕೈಗಡಿಯಾರ ಕಟ್ಟಿದ್ದ. ಚನ್ನರಾಯಪಟ್ಟಣದಲ್ಲಿ ಎದೆ ತಪಾಸಣೆಯ ಕ್ಯಾಂಪು ಎಂದರೆ ಅಲ್ಲಿಗೂ ಹೋಗಿ ಬಂದ. ಅಪ್ಪನಿಗಿದ್ದರೆ ಮಗನಿಗೂ ಬರುತ್ತದೆ ಎಂದು ಟಿವಿಯಲ್ಲಿ ಹೇಳಿದ್ದರು. ಇಷ್ಟೆಲ್ಲ ಮಾಡಿ, ಆ ಗಡಿಯಾರ ಕಟ್ಟಿದ ಕೈಯನ್ನೇ ಮೊಣಕೈವರೆಗೆ ಡ್ರಮ್ಮಿಗೆ ಇಳಿಸಿ ಔಷಧಿ ಕಲಸುತ್ತಿದ್ದ.

ಅವನಿಗೆ ನೇರ ಹೇಳಲು ನನಗೆ ಧೈರ್ಯ ಬರಲಿಲ್ಲ. ಅವನೇ ಕಲಸಿದ ಔಷಧಿ, ಅವನೇ ಹೊಡೆಯಬೇಕಾಗಿದ್ದ ದಿನ. ಅದಕ್ಕೆ ಮೊದಲು ಟಿವಿಯವರಿಗೆ ಹೇಳಿಸೋಣ ಎಂದುಕೊಂಡೆ. ನಾನು ಹೇಳಿದರೆ ಕೇಳದವನು ಟಿವಿ ಹೇಳಿದರೆ ಕೇಳುತ್ತಾನೆ, ಊರೂ ಕೇಳುತ್ತದೆ, ಅವನೊಬ್ಬನಿಗೇ ಬೆರಳು ತೋರಿಸಿದಂತೆಯೂ ಆಗುವುದಿಲ್ಲ. ಪರದೆಯ ಕೆಳಗೆ ಓಡುವ ನಂಬರನ್ನು ನಿಮ್ಮಮ್ಮನ ಕೈಯಲ್ಲಿ ಒತ್ತಿಸಿದೆ. ಮೂರು ದಿನ ಯಾರೂ ಎತ್ತಲಿಲ್ಲ. ನಾಲ್ಕನೆಯ ದಿನ ಆ ಮೈಕಿನ ಹುಡುಗನ ನಂಬರು ಸಿಕ್ಕಿತು. ನಾನು ತಡವರಿಸಿ ತಡವರಿಸಿ ಹೇಳಿದೆ.

"ಅಜ್ಜಿ, ಅದು ಮುಗೀತಲ್ಲ. ಹಾರ್ಟ್ ಅಟ್ಯಾಕ್ ಸ್ಟೋರಿ ಈಗ ನಾವು ಮಾಡ್ತಿಲ್ಲ," ಎಂದ.

"ಅದಲ್ಲ ಕಣಪ್ಪ. ಔಷ್ದಿಯಿಂದ ಓಗಿದ್ದು ಅಂತ ಏಳು. ಜನ ಬರೀ ಕೈಲಿ ಕಲಸ್ತಾವ್ರೆ."

"ರಿಪೋರ್ಟ್ ಇದೆಯಾ ಅಜ್ಜಿ? ಪೋಸ್ಟ್‌ಮಾರ್ಟಂ?"

"ಇಲ್ಲ ಕಣಪ್ಪ."

"ಮತ್ತೆ ಹೆಂಗೆ ಹಾಕೋದು? ಅವತ್ತು ನೀವೇ ಹೌದು ಅಂದಿದ್ರಲ್ಲ, ಕ್ಯಾಮೆರಾದಲ್ಲಿದೆ."

ಅವತ್ತು ಅವನು ಯಾವ ರಿಪೋರ್ಟೂ ಕೇಳಿರಲಿಲ್ಲ. ನನ್ನ ತಲೆಯೇ ಸಾಕಾಗಿತ್ತು. ಇದನ್ನು ಅವನಿಗೆ ಹೇಳಬೇಕು ಎಂದು ಹೊಳೆದದ್ದು ಫೋನಿಟ್ಟ ಮೇಲೆ.

ಹಾಲಿನ ಡೈರಿಯ ಮುಂದೆ ಹೆಂಗಸರ ಹತ್ತಿರ ಹೇಳಿ ನೋಡಿದೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವಳು ನನ್ನ ಮುಖ ನೋಡಿದಳು. "ಏನಕ್ಕ, ಟಿವೀಲಿ ಒಂದು ಏಳ್ತೀಯ, ಇಲ್ಲೊಂದು ಏಳ್ತೀಯ? ಊರೆಲ್ಲ ಹೊಡೀತದೆ ಔಷ್ದಿ, ಊರೆಲ್ಲ ಸತ್ತೋಯ್ತಾ?" ಎಂದಳು. ಅವಳ ಹಿಂದಿದ್ದವಳು ದನಿ ತಗ್ಗಿಸಿ, "ಕುಡ್ದೇ ಓಗಿದ್ದಂತಾ?" ಎಂದಳು. ನಾನು ಅಲ್ಲ ಅಲ್ಲ ಎನ್ನುವಷ್ಟರಲ್ಲಿ ಆ ಮಾತು ಸಾಲಿನ ಕೊನೆ ಮುಟ್ಟಿತ್ತು. ಮರುದಿನ ದೊಡ್ಡತಾತ ಮನೆಗೇ ಬಂದು ಜಗಲಿಯಲ್ಲಿ ನಿಂತು, ಸತ್ತ ತಮ್ಮನ ಮೇಲೆ ವಿಷ ಕುಡಿದ ಹೆಸರು ಹೊರಿಸುತ್ತೀಯಾ ಎಂದು ಕೂಗಾಡಿದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಒಳಗಿನಿಂದ ನನ್ನ ಪರವಾಗಿ ಕೂಗಿ ಹೇಳಲು ಅತ್ತೆ ಇರಲಿಲ್ಲ.

ಆ ಕೂಗಾಟ ನಿಮ್ಮಪ್ಪನ ಕಿವಿಗೆ ಬಿತ್ತು. ದೊಡ್ಡತಾತ ಹೋದ ಮೇಲೆ ಅವನು ಅಡಿಗೆಮನೆಗೆ ಬಂದ. ನಾನು ರಾಗಿ ಮುದ್ದೆ ತೊಳಸುತ್ತಿದ್ದೆ.

"ಏನವ್ವ, ಅಪ್ಪ ಔಷ್ದಿಯಿಂದ ಓಯ್ತು ಅಂತ ಏಳ್ಕೊಂಡು ಬತ್ತಿದ್ದೀಯಂತೆ?"

"ನಿನ್ನ ಸಲುವಾಗಿ ಕಣ್ಲಾ ಮಗ. ನೀನು ಬರೀ ಕೈಲಿ..."

"ಕಲಸಿದ್ದು ಯಾರವ್ವ? ನಾನು. ಹೊಡೀಬೇಕಾಗಿದ್ದು ಯಾರು? ನಾನು. ಏನೂ ಇಲ್ದಿದ್ ಎದೆ ತೋರ್ಸಕ್ಕೆ ಲೈನಲ್ಲಿ ನಿಂತಿದ್ದೋನು ಯಾರು? ಅಂಗಾರೆ ನಾನೇ ಅಪ್ಪನ್ನ ಸಾಯಿಸ್ದೆ ಅಂತೀಯಾ?"

ಅವನ ಕೆಳತುಟಿ ನಡುಗುತ್ತಿತ್ತು, ನೀವು ಬಿದ್ದು ಬಂದಾಗ ನಡುಗುವ ಹಾಗೆ. ಹಾರ್ಟು ಎಂಬ ಆ ಒಂದು ಮಾತನ್ನು ಹಿಡಿದುಕೊಂಡೇ ಅವನು ಅಷ್ಟು ದಿನ ಉಂಡು, ಮಲಗಿ, ಎದ್ದು ಬದುಕಿದ್ದ ಎಂದು ನನಗೆ ಆಗ ತಿಳಿಯಿತು. ಅದನ್ನು ಕಿತ್ತುಕೊಂಡರೆ ಅವನ ಕೈಗೆ ಕೊಡಲು ನನ್ನ ಹತ್ತಿರ ಏನಿತ್ತು? ನಾನು ಇಲ್ಲವೆಂದು ತಲೆಯಾಡಿಸಿದೆ. ಮತ್ತೆ ತಲೆಯೇ.

"ಹಾರ್ಟು ಕಣವ್ವ. ಎಲ್ರೂ ನೋಡವ್ರೆ," ಎಂದು ಅವನು ಹೊರಟುಹೋದ.

ಮುದ್ದೆ ತಳ ಹಿಡಿದಿತ್ತು. ಅದೇ ದಿನ ನಾನು ಒಂದು ನಿರ್ಧಾರ ಮಾಡಿದೆ. ಹೇಳಲು ಆಗದಿದ್ದರೆ ಕಾಯಬೇಕು. ಅವನು ಪಂಪು ತೆಗೆದ ದಿನವೆಲ್ಲ ಹುಲ್ಲು ಕೊಯ್ಯುವ ನೆಪದಲ್ಲಿ ನಾನೂ ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂರತೊಡಗಿದೆ. ಒಂದು ಕೊಡ ನೀರು, ಒಂದು ಸೋಪು, ಒಗೆದ ಅಂಗಿ. ಅವನು ಬಿಸಾಡಿದ ಔಷಧಿಯ ಸೀಸೆಯನ್ನು ಚೀಟಿ ಹರಿಯದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದೆ. ಆಳುಗಳು ನಗುತ್ತಿದ್ದರು. "ಏನ್ ಅಜ್ಜಿ, ಮಗನಿಗೆ ಇಲ್ಲೇ ಸ್ನಾನ ಮಾಡಿಸ್ತೀಯಾ?" ಎಂದು ಒಬ್ಬಳು ಕೇಳಿದಳು.

ಒಂದು ಮಧ್ಯಾಹ್ನ ಅವನು ಸಾಲಿನ ನಡುವೆಯೇ ನಿಂತ. ಪಂಪು ಇಳಿಸಿ ಓಲಾಡುತ್ತಾ ಬದುವಿಗೆ ಬಂದು ಕೂತ. ಹಣೆಯಿಂದ ಬೆವರು ಇಳಿಯುತ್ತಿತ್ತು. ಬಾಯಿ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಅವನು ಕೈಗಡಿಯಾರವನ್ನು ಕಣ್ಣಿನ ಹತ್ತಿರ ತಂದು ಇಣುಕಿದ.

"ಏನಿಲ್ಲ ಕಣವ್ವ. ಹಾರ್ಟು ಸರಿಯಾಗೇ ಅದೆ. ನಂಬರು ಮಂಜಾಗಿ ಕಾಣ್ತದೆ, ಆದ್ರೂ ಸರಿಯಾಗೇ ಅದೆ."

ನಾನು ಅವನ ಅಂಗಿಯನ್ನು ಗುಂಡಿ ಬಿಚ್ಚದೆ ಹರಿದು ತೆಗೆದೆ. ಕೊಡದ ನೀರನ್ನೆಲ್ಲ ಸುರಿದು ಉಜ್ಜಿದೆ. ಹಿಂದೆಂದೂ ನನ್ನ ಗಂಟಲಿನಿಂದ ಬಾರದ ದನಿಯಲ್ಲಿ ಕೂಗಿದೆ. ಆಳುಗಳು ಓಡಿ ಬಂದರು. ಪಕ್ಕದ ಹೊಲದ ಶುಂಠಿ ತುಂಬಲು ಬಂದಿದ್ದ ಗೂಡ್ಸ್ ಆಟೋದ ಹಿಂಭಾಗದಲ್ಲಿ ಅವನನ್ನು ಮಲಗಿಸಿ, ಹಾಸನ ಬೇಡ, ಹೊಳೆನರಸೀಪುರಕ್ಕೇ ನಡಿ ಎಂದೆ.

ಆಸ್ಪತ್ರೆಯಲ್ಲಿ ನಮ್ಮೂರವರೇ ಇಬ್ಬರು ನಿಂತಿದ್ದರು. ನೋಡಿದ ಕೂಡಲೇ ಒಬ್ಬ, "ಅಯ್ಯೋ, ಅಪ್ಪನಂಗೇ ಹಾರ್ಟು," ಎಂದು ಓಡಿ ಬಂದ. ನಾನು ಅವನನ್ನು ಮೊಣಕೈಯಿಂದ ತಳ್ಳಿದೆ. ಡಾಕ್ಟರ ಮುಂದೆ ಚೀಲ ಬಿಚ್ಚಿ ಸೀಸೆಯನ್ನು ಮೇಜಿನ ಮೇಲೆ ಇಟ್ಟೆ. "ನನ್ ಮಗ ಏನೂ ಕುಡಿದಿಲ್ಲ. ಹಾರ್ಟೂ ಅಲ್ಲ. ಬೆಳಿಗ್ಗೆಯಿಂದ ಶುಂಠಿಗೆ ಹೊಡೀತಿದ್ದ, ಇದೇ ಸೀಸೆ. ನಾನು ತೊಳ್ದಿದೀನಿ. ಇಂಜೆಕ್ಷನ್ ಕೊಡಿ," ಎಂದೆ. ಅಷ್ಟು ಗಂಡಸರ ನಡುವೆ ಅಷ್ಟು ಮಾತು. ಮುಗಿದ ಮೇಲೆ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು.

ಅವರು ಸೀಸೆಯ ಮೇಲಿನ ಚೀಟಿ ಓದಿದರು. ಮಿಕ್ಕದ್ದೆಲ್ಲ ಬೇಗ ಬೇಗ ಆಯಿತು. ಮೂರನೆಯ ದಿನ ನಿಮ್ಮಪ್ಪ ಎದ್ದು ಕೂತ. ನನ್ನ ಪಕ್ಕದ ಸ್ಟೂಲಿನ ಮೇಲೆ ಆ ಸೀಸೆ ಇತ್ತು. ಅದನ್ನು ತುಂಬ ಹೊತ್ತು ನೋಡಿದ. ಬೆವರು, ಜೊಲ್ಲು, ಮಂಜಾದ ಕಣ್ಣು, ಎಲ್ಲವೂ ಈಗ ಅವನ ಮೈಗೇ ಗೊತ್ತಾಗಿತ್ತು. ಅಪ್ಪನಿಗೆ ಆದದ್ದೇನು ಎಂದು ಇನ್ನು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಬೆನ್ನು ಅಲುಗುತ್ತಿತ್ತು. ನಾನು ಕೈ ಇಟ್ಟೆ. ಕೈಯನ್ನು ಸರಿಸಿಬಿಟ್ಟ.

ಮಗನನ್ನು ಉಳಿಸಿಕೊಂಡೆ ಎಂದು ಹೇಳಿ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಿಮಗೆ ಸುಳ್ಳು ಬರೆಯಲಾರೆ. ನಾವು ಮನೆಗೆ ಬರುವ ಮೊದಲೇ, ಅಪ್ಪನಿಗಿದ್ದ ಹಾರ್ಟಿನ ಕಾಯಿಲೆ ಮಗನಿಗೂ ಬಂದಿದೆ ಎಂದು ಊರು ಮಾತಾಡಿ ಮುಗಿಸಿತ್ತು. ನೋಡಲು ಬಂದವರು ಓಟ್ಸು, ಹಣ್ಣು ತಂದರು. ನಿಮ್ಮಪ್ಪ ಯಾರಿಗೂ ಅಲ್ಲ ಎನ್ನಲಿಲ್ಲ. "ಊಂ, ಸ್ವಲ್ಪ ಹಾರ್ಟು," ಎಂದು ಅವನೇ ಹೇಳುವುದನ್ನು ನಾನು ಒಳಗಿನಿಂದ ಕೇಳಿದೆ. ಹಾಗೆ ಹೇಳುತ್ತಿರುವವರೆಗೆ ಅವನ ಅಪ್ಪನೂ ಹಾರ್ಟಿನಿಂದಲೇ ಹೋದವರು. ತಾನು ಕಲಸಿದ್ದರಿಂದ ಅಲ್ಲ.

ಹಾರ್ಟು ಎಂದ ಮೇಲೆ ಔಷಧಿ ಹೊಡೆಯುವುದನ್ನು ಬಿಡಲು ಅವನಿಗೆ ಕಾರಣವಿಲ್ಲ. ಕೈಗವಸು ಹಾಕಿಕೊಂಡರೆ ಒಪ್ಪಿಕೊಂಡ ಹಾಗಾಗುತ್ತದೆ. ನಾನು ತಂದುಕೊಟ್ಟ ರಬ್ಬರಿನ ಕೈಗವಸು ಅಟ್ಟದ ಮೇಲೆ ಪ್ಯಾಕೆಟ್ಟಿನಲ್ಲೇ ಇದೆ. ಒಂದು ತಿಂಗಳು ಸುಧಾರಿಸಿಕೊಂಡು ಅವನು ಮತ್ತೆ ಪಂಪು ಹೊತ್ತ. ನನ್ನೊಂದಿಗೆ ಊಟ ಬಡಿಸು ಎನ್ನುವಷ್ಟು ಮಾತು ಬಿಟ್ಟರೆ ಬೇರೆ ಮಾತಿಲ್ಲ. ನಿಮ್ಮಮ್ಮನಿಗೂ ಒಂದೆರಡು ಸಲ ಹೇಳಿದೆ. ಅವಳು ಅಳುತ್ತಾಳೆ, ಅವರ ಮುಂದೆ ಆ ಮಾತು ಎತ್ತಬೇಡಿ ಅತ್ತೆ ಎನ್ನುತ್ತಾಳೆ.

ಈಗ ಅವನು ಐದನೆಯ ಸಾಲಿನಲ್ಲಿದ್ದಾನೆ. ಗಾಳಿ ಅವನ ಮುಖದ ಕಡೆಗೇ ತಿರುಗಿದೆ. ನಾನು ಕೂಗಿ ಹೇಳಿದರೂ ಅವನು ತಿರುಗುವುದಿಲ್ಲ, ಎರಡು ಸಲ ಕೂಗಿ ನೋಡಿದೆ.

ನನಗೆ ಮಂಡಿ ಹಿಡಿಯುತ್ತದೆ, ಕಣ್ಣೂ ಮೊದಲಿನ ಹಾಗಿಲ್ಲ. ಇನ್ನೆಷ್ಟು ದಿನ ಈ ಬದುವಿನ ಮೇಲೆ ಕೂರುತ್ತೇನೋ ಗೊತ್ತಿಲ್ಲ. ಈ ನೋಟ್‌ಬುಕ್ಕನ್ನು ನಿಮ್ಮ ಸ್ಕೂಲ್ ಬ್ಯಾಗಿನಲ್ಲೇ ಇಡುತ್ತೇನೆ. ಕೊಡ, ಸೋಪು, ಒಗೆದ ಅಂಗಿ ಹಿತ್ತಿಲ ಬಾಗಿಲ ಪಕ್ಕ ಇರುತ್ತವೆ. ಸೀಸೆಗಳನ್ನು ಪ್ರತಿ ಸಲ ಬದಲಾಯಿಸಬೇಕು, ಅವನು ಆ ದಿನ ಹೊಡೆದದ್ದೇ ಇರಬೇಕು. ಬೆವರು, ಜೊಲ್ಲು, ಮಂಜು ಎಂದ ಕೂಡಲೇ ಅಂಗಿ ಹರಿಯಿರಿ, ನೀರು ಸುರಿಯಿರಿ. ಹೊಳೆನರಸೀಪುರಕ್ಕೆ ನಡಿ ಎನ್ನಿ. ದಾರಿಯಲ್ಲಿ ಯಾರು ಏನೇ ಅನ್ನಲಿ, ಸೀಸೆಯನ್ನು ಡಾಕ್ಟರ ಕೈಯಲ್ಲೇ ಇಡಿ. ಯಾರಾದರೂ ನಿಮ್ಮ ಮುಖಕ್ಕೆ ದೀಪ ಹಿಡಿದು, ಹಾರ್ಟ್ ಅಲ್ವಾ ಎಂದು ಕೇಳಿದರೆ, ತಲೆಯಾಡಿಸಬೇಡಿ. ಬಾಯಿ ಬಿಡಿ.

ಅವನು ನಿಂತಿದ್ದಾನೆ. ಇಲ್ಲ, ನೀರು ಕುಡಿಯಲು ನಿಂತದ್ದು. ಮತ್ತೆ ಹೊರಟ.